ಕಬ್ಬಿಣದ ಕೆನೆ

ಭದ್ರಾವತಿಯ ಶಿವಶಂಕರಪ್ಪನವರ ಫೌಂಡ್ರಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಒಂದು ವಿಡಿಯೋ ತೋರಿಸುತ್ತಿದ್ದರು. ಕರಗಿದ ಕಬ್ಬಿಣವನ್ನು ಹೊರುವ ಲ್ಯಾಡಲ್ ಎಂಬ ದೊಡ್ಡ ಪಾತ್ರೆಯ ಒಳಗೋಡೆಯಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಸಾಕು, ಕಬ್ಬಿಣ ಕುದ್ದು ಸಿಡಿಯುತ್ತದೆ. ಸಿಡಿಯುವ ಮೊದಲು ಎರಡು ಮೂರು ಸೆಕೆಂಡು ಅದರ ಮೇಲ್ಮೈಯಲ್ಲಿ ಒಂದು ಗುರುತು ಕಾಣುತ್ತದೆ. ಕಂಡ ಕೂಡಲೇ ಕೈ ಎತ್ತಿ ಹಿಂದೆ ಸರಿಯಬೇಕು. ಆದರೆ ಇದ್ದದ್ದು ಒಂದೇ ವಿಡಿಯೋ. ಎರಡು ಸಲ ನೋಡಿದವರು ನಲವತ್ತೊಂದನೇ ಸೆಕೆಂಡಿಗೆ ಕೈ ಎತ್ತುವುದನ್ನು ಕಲಿತರೇ ಹೊರತು ಕಬ್ಬಿಣ ನೋಡುವುದನ್ನು ಕಲಿಯಲಿಲ್ಲ.

ಪ್ರತಿ ಸಲವೂ ಬೇರೆಯದೇ ಕಬ್ಬಿಣ ತೋರಿಸುವಂಥದ್ದು ಬೇಕು ಎಂದು ಶಿವಶಂಕರಪ್ಪ ಶಿವಮೊಗ್ಗಕ್ಕೆ ಬಂದರು. ವಿನೋಬನಗರದಲ್ಲಿ ಮೆಡಿಕಲ್ ಸ್ಟೋರಿನ ಮಹಡಿ ಮೇಲೆ ನಾಲ್ಕು ಜನರ ಒಂದು ಗ್ರಾಫಿಕ್ಸ್ ಸ್ಟುಡಿಯೋ ಇತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತಾರರ ಕವನಳಿಗೆ ಈ ಕೆಲಸ ಬಂತು. ಅಲ್ಲಿಯವರೆಗೆ ಅವಳು ಮಾಡಿದ್ದು ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳ ಜಾಹೀರಾತು, ಕಲ್ಯಾಣ ಮಂಟಪಗಳ ಮಾದರಿ. ತನ್ನ ಚಿತ್ರ ತಪ್ಪಾದರೆ ಯಾರದೋ ಮೈ ಸುಡಬಹುದಾದಂಥ ಕೆಲಸ ಇದೇ ಮೊದಲು.

ಅವಳು ಕರಗಿದ ಕಬ್ಬಿಣದ ಫೋಟೋಗಳನ್ನು ಜೋಡಿಸಿ ಹರಿಯುವಂತೆ ಮಾಡಿದಳು. ನೋಡಿ ಹೇಳಲಿ ಎಂದು ಶಿವಶಂಕರಪ್ಪ ಜಟ್ಟಪ್ಪನವರನ್ನು ಕಳಿಸಿದರು. ಮೂವತ್ತನಾಲ್ಕು ವರ್ಷ ಕುಲುಮೆಯ ಮುಂದೆ ನಿಂತು ರಿಟೈರ್ ಆದವರು. ಅವರು ಅರ್ಧ ನಿಮಿಷ ನೋಡಿ ಪರದೆಯ ಮೇಲೆ ಬೆರಳಿಟ್ಟರು.

“ಈ ಮಚ್ಚೆ ಆಗ್ಲೇ ಬಂದು ಹೋಯ್ತಲ್ಲಮ್ಮ.”

ಅದೇ ಫೋಟೋ ಮತ್ತೆ ಬಂದದ್ದು ಸ್ಟುಡಿಯೋದಲ್ಲಿ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕವನ ಅವತ್ತೇ ಫೋಟೋಗಳನ್ನೆಲ್ಲ ತೆಗೆದುಹಾಕಿದಳು.

ಗ್ರಾಫಿಕ್ಸ್‌ನವರು ನಾಯ್ಸ್ ಎಂದು ಕರೆಯುವ ಒಂದು ಲೆಕ್ಕವಿದೆ. ಹೆಸರು ಹಾಗಿದ್ದರೂ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಪರದೆಯ ಪ್ರತಿ ಚುಕ್ಕೆಗೂ ಅದು ಒಂದು ಸಂಖ್ಯೆ ಕೊಡುತ್ತದೆ. ಯಾವ ಸಂಖ್ಯೆ ಎಂದು ಊಹಿಸಲಾಗದು, ಆದರೆ ಅಕ್ಕಪಕ್ಕದ ಚುಕ್ಕೆಗಳಿಗೆ ಹತ್ತಿರಹತ್ತಿರದ ಸಂಖ್ಯೆಯೇ ಸಿಗುತ್ತದೆ. ಹಾಗಾಗಿ ಮರಳು ಎರಚಿದಂತೆ ಕಾಣದೆ ಗುಡ್ಡಗಳ ಏರಿಳಿತದಂತೆ ಕಾಣುತ್ತದೆ. ದೊಡ್ಡ ಏರಿಳಿತದ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು ಪೇರಿಸುತ್ತ ಹೋದರೆ ಕಲ್ಲು, ಹೊಗೆ, ಬೆಂಕಿ ಎಲ್ಲವನ್ನೂ ಮಾಡಬಹುದು. ಶುರುವಿಗೆ ಕೊಡುವ ಒಂದು ಅಂಕಿ ಬದಲಿಸಿದರೆ ಇಡೀ ಚಿತ್ರವೇ ಬೇರೆ.

ಅದರಿಂದಲೇ ಹೊಸ ಕಬ್ಬಿಣ ಮಾಡಿ, ಎರಡು ವಾರ ಕಳೆದು ಅವಳೇ ಲ್ಯಾಪ್‌ಟಾಪ್ ಹಿಡಿದು ಭದ್ರಾವತಿಗೆ, ಜಟ್ಟಪ್ಪನವರ ಮನೆಗೆ ಹೋದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಂದದ್ದೇ ಮತ್ತೆ ಬರುತ್ತಿಲ್ಲ ಎಂದು ಒಪ್ಪಿದರು. ಆಮೇಲೆ ಹೇಳಿದರು, “ಆದ್ರೆ ಇದು ಮೋಡ ಕಣಮ್ಮ. ಕಬ್ಬಿಣ ಅಲ್ಲ.”

ಕಬ್ಬಿಣ ಹೇಗಿರುತ್ತದೆ ಎಂದು ಕೇಳಿದಳು. ಅವರು ಕೈ ಆಡಿಸಿದರು, ಹೇಳಲು ಹೊರಟು ನಿಲ್ಲಿಸಿದರು. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ, ಹೆಂಡತಿ ವಿಶಾಲಮ್ಮ ಕಾಯಿಸಿಟ್ಟಿದ್ದ ಹಾಲಿನ ಪಾತ್ರೆಯನ್ನೇ ತಂದು ನಿಧಾನಕ್ಕೆ ಓರೆ ಮಾಡಿದರು. ಮೇಲಿನ ಕೆನೆ ಬಾಯಿಯ ಕಡೆಗೆ ಸರಿದು ಸುಕ್ಕುಗಟ್ಟಿತು, ಹಿಗ್ಗಿತು, ಒಂದು ಕಡೆ ಹರಿದುಹೋಯಿತು.

“ಕಬ್ಬಿಣದ ಮೇಲೆ ಕಿಟ್ಟ ಹೀಗೇ ಕೂತಿರುತ್ತೆ. ಕೆಳಗಿರೋದು ಎಳೆಯುತ್ತೆ, ಮೇಲಿರೋದು ಸುಕ್ಕಾಗುತ್ತೆ. ಹರಿದ ಕಡೆ ಬೆಳಕು ಕಾಣುತ್ತೆ. ತೇವ ಇದ್ರೆ, ಉಬ್ಬೋ ಮುಂಚೆ ಒಂದೇ ಒಂದು ಜಾಗದಲ್ಲಿ ಕೆನೆ ನಡುಗುತ್ತೆ. ನಾನು ನೋಡ್ತಿದ್ದಿದ್ದು ಅದನ್ನೇ.”

ಕವನ ಇನ್ನೊಮ್ಮೆ ಮಾಡಿ ತೋರಿಸಲು ಕೇಳಿ ಮೊಬೈಲಿನಲ್ಲಿ ಹಿಡಿದುಕೊಂಡಳು. ಮತ್ತೆ ಇನ್ನೊಮ್ಮೆ. ಕಾಫಿಗೆ ಇಟ್ಟ ಹಾಲು ಎಂದು ಗೊಣಗುತ್ತಿದ್ದ ವಿಶಾಲಮ್ಮ ನಾಲ್ಕನೇ ಸಲಕ್ಕೆ ತಾವೇ ಬೇರೆ ಹಾಲು ಕಾಯಿಸಿ, ಕೆನೆ ದಪ್ಪಗೆ ಕಟ್ಟಲಿ ಎಂದು ಫ್ಯಾನ್ ಕೆಳಗೆ ಇಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಅವಳಿಗೆ ದಾರಿ ಹೊಳೆಯಿತು. ಇಷ್ಟು ದಿನ ನಾಯ್ಸನ್ನು ನೇರವಾಗಿ ಪರದೆಗೆ ಹಾಕುತ್ತಿದ್ದಳು. ಅದರ ಬದಲು ಪ್ರತಿ ಚುಕ್ಕೆಯನ್ನೂ ಮೊದಲು ಇನ್ನೊಂದು ನಾಯ್ಸ್‌ನಿಂದ ಅಷ್ಟಿಷ್ಟು ಪಕ್ಕಕ್ಕೆ ತಳ್ಳಿ, ಆ ಹೊಸ ಜಾಗದ ಸಂಖ್ಯೆ ತೆಗೆದುಕೊಂಡರೆ? ಕೆಳಗಿನದು ಮೇಲಿನದನ್ನು ಎಳೆದಂತಾಯಿತು. ಪಾತ್ರೆಯ ಬಾಯಿ ಹತ್ತಿರ ಬಂದಂತೆ ಎಳೆತ ಹೆಚ್ಚಿಸಿದರಾಯಿತು. ಒಂದೇ ಜಾಗದಲ್ಲಿ ಆ ಎಳೆತವನ್ನು ನಡುಗಿಸಿದರೆ ಅದೇ ತೇವದ ಗುರುತು. ಶಿವಮೊಗ್ಗ ಬರುವಷ್ಟರಲ್ಲಿ ಅದನ್ನು ಮೊಬೈಲಿನಲ್ಲಿ ಬರೆದುಕೊಂಡಿದ್ದಳು. ಸರಿಯಾಗಿ ಕೂರಿಸಲು ಮತ್ತೆ ಎಂಟು ದಿನ ಹಿಡಿಯಿತು.

ತೋರಿಸುವ ದಿನ ಬೆಳಿಗ್ಗೆ ಫೌಂಡ್ರಿಯ ಟ್ರೈನಿಂಗ್ ರೂಮಿನಲ್ಲಿ ಹೊಸಬರು ಹನ್ನೆರಡು ಜನ ಸೇರಿದ್ದರು. ಒಬ್ಬೊಬ್ಬರಿಗೂ ಒಂದೊಂದು ಹೊಸ ಕಬ್ಬಿಣ. ಗುರುತು ಯಾವಾಗ ಎಲ್ಲಿ ಬರುತ್ತದೆಂದು ಕವನಳಿಗೂ ಗೊತ್ತಿರಲಿಲ್ಲ, ಕಂಪ್ಯೂಟರೇ ಆರಿಸುತ್ತಿತ್ತು. ಮೊದಲ ಐದು ಜನರಲ್ಲಿ ಒಬ್ಬರೂ ಸರಿಯಾಗಿ ಕೈ ಎತ್ತಲಿಲ್ಲ. ಆರನೆಯವನ ಸರದಿ ನಡೆಯುತ್ತಿದ್ದಾಗ, ಹಿಂದೆ ಅತಿಥಿಯಂತೆ ಕೂತಿದ್ದ ಜಟ್ಟಪ್ಪನವರು ಕುರ್ಚಿ ತಳ್ಳಿ ಎದ್ದರು. ಬಲಗೈ ಮೇಲೆ ಹೋಗಿತ್ತು, ಎಡಗೈ ಮುಖಕ್ಕೆ ಅಡ್ಡ ಬಂದಿತ್ತು.

“ಹಿಂದೆ ಸರೀರಿ!”

ಆಮೇಲೆ ಪರದೆಯ ಮೇಲೆ ಕಬ್ಬಿಣ ಸಿಡಿಯಿತು.

ಎಲ್ಲರೂ ತಿರುಗಿ ನೋಡಿದರು. ಅವರು ನಾಚಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಶಿವಶಂಕರಪ್ಪ ಬಿಡಲಿಲ್ಲ, ಅವರನ್ನು ಮುಂದೆ ಕೂರಿಸಿ ಇನ್ನೂ ಮೂರು ಸಲ ಹಾಕಿಸಿದರು. ಮೂರು ಸಲವೂ ಸಿಡಿಯುವ ಮೊದಲೇ ಕೈ ಎದ್ದಿತು. ಜಟ್ಟಪ್ಪ ಕವನಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು, “ನಾನು ಅಷ್ಟು ವರ್ಷ ನೋಡಿದ್ದು ಇದೇ ಮಾರಾಯ್ತಿ.”

ಕವನ ನಗುತ್ತ ಮುಂದಿನವನಿಗೆ ಹೊಸ ಕಬ್ಬಿಣ ಹಾಕಿದಳು. ಅಷ್ಟರಲ್ಲಿ ಅವರು ಪರದೆಯ ಪಕ್ಕ ನಿಂತು ಪಾಠ ಶುರು ಮಾಡಿಯಾಗಿತ್ತು. ಬೆಳಕು ನೋಡಬೇಡಿ, ಕೆನೆ ನೋಡಿ ಎನ್ನುತ್ತಿದ್ದರು. ಇಷ್ಟು ವರ್ಷ ಬಾಯಲ್ಲಿ ಹೇಳಲಾಗದ್ದನ್ನು ಈಗ ಬೆರಳಿಟ್ಟು ತೋರಿಸಬಹುದಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಕೈಗಳು ಸರಿಯಾದ ಹೊತ್ತಿಗೆ ಏಳುತ್ತಿದ್ದವು.

ಎಲ್ಲರೂ ಊಟಕ್ಕೆ ಹೊರಟಾಗ ಕವನ ಪ್ರೋಗ್ರಾಮನ್ನು ಮೊದಲಿನಿಂದ ತೆರೆದಳು. ಶುರುವಿನ ಪರದೆಯಲ್ಲಿ ಮಾರ್ಗದರ್ಶನ ಎಂದು ಬರೆದು ಕೆಳಗೆ ದೊಡ್ಡ ಅಕ್ಷರದಲ್ಲಿ ಜಟ್ಟಪ್ಪನವರ ಹೆಸರು ಹಾಕಿದ್ದಳು. ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಮುಖ ಅರಳಿತು. ಆಮೇಲೆ ಪರದೆಯ ಮೂಲೆಮೂಲೆಯನ್ನೂ ಹುಡುಕಿದರು.

“ನಿನ್ನ ಹೆಸರೆಲ್ಲಿ?”

ಸ್ಟುಡಿಯೋ ಹೆಸರು ಇದೆಯಲ್ಲ ಅಜ್ಜ, ಸಾಕು ಎಂದಳು ಅವಳು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಊಟಕ್ಕೆ ಕರೆಯಲು ಬಂದವರಿಗೆ ಐದು ನಿಮಿಷ ತಡೀರಿ ಎಂದರು. ಕವನ ತನ್ನ ಹೆಸರನ್ನು ಅವರ ಹೆಸರಿನಷ್ಟೇ ದೊಡ್ಡದಾಗಿ ಬರೆದು ಮುಗಿಸುವವರೆಗೂ ಅವರು ಅಲ್ಲಿಂದ ಏಳಲಿಲ್ಲ.