ಪ್ರೂಫಿಗೂ ಕಾರ್ಡಿಗೂ ನಡುವೆ

ಮಿಶ್ರಿಕೋಟಿಯಲ್ಲಿ ನಾಗರತ್ನಾ ತನ್ನ ಅಪ್ಪನ ಹಳೆಯ ಅಕ್ಕಿ ಗಿರಣಿಗೆ ಸುಣ್ಣ ಹೊಡೆಸಿ, ಅಲ್ಲಿ ಅಚ್ಚುಕಲೆಯ ಸ್ಟುಡಿಯೋ ತೆರೆದು ಮೂರು ವರ್ಷವಾಗಿತ್ತು. ಮರದ ಹಲಗೆ ಮತ್ತು ಲಿನೋ ಎಂಬ ರಬ್ಬರಿನಂಥ ಹಾಳೆ ಕೊರೆದು ಚಿತ್ರ ಅಚ್ಚು ಹಾಕುವುದನ್ನು ಅವಳೇ ಕಲಿಸುತ್ತಿದ್ದಳು. ಧಾರವಾಡ, ಗದಗ, ಹಾವೇರಿ ಕಡೆಯ ಕಲಾವಿದರು ಬಂದು ವಾರಗಟ್ಟಲೆ ಇದ್ದು ಹೋಗುತ್ತಿದ್ದರು. ಸುತ್ತಲಿನ ಹಳ್ಳಿಯವರಿಗೂ ಬಾಗಿಲು ತೆರೆದೇ ಇತ್ತು. ಅಕ್ಷರದ ಮೊಳೆ ಜೋಡಿಸಿ ಮುದ್ರಿಸುವುದನ್ನು ಕಲಿಸಲು ಮಾತ್ರ ಇಲಿಯಾಸ್ ಬೇಕಿತ್ತು.

ಇಲಿಯಾಸ್ ಕಲಘಟಗಿಯಲ್ಲಿ ಇಪ್ಪತ್ತೆಂಟು ವರ್ಷ ಪ್ರೆಸ್ ನಡೆಸಿದವರು. ಪ್ರೆಸ್ ಮುಚ್ಚಿದ ಮೇಲೆ ಅವರ ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್ನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿದ್ದಿತ್ತು. ನಾಗರತ್ನಾ ಅದನ್ನೂ ತಂದಳು, ಅವರನ್ನೂ ತಂದಳು. ಅರವತ್ತಾರು ವರ್ಷದ ಮನುಷ್ಯ. ಕಲಿಸುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ, ಆದರೆ ಒಂದು ಒಳ್ಳೆಯ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಆ ಜನವರಿಯಲ್ಲಿ ಹತ್ತು ದಿನದ ಕಮ್ಮಟಕ್ಕೆ ಎಂಟು ಜನ ಹೆಸರು ಕೊಟ್ಟಿದ್ದರು. ಮೊದಲ ದಿನ ಇಲಿಯಾಸ್ ಪಟ್ಟಿ ಓದುತ್ತ ಆರನೆಯ ಹೆಸರಿಗೆ ನಿಂತರು.

"ಸೀಮಾ ಮಾಂತೇಶ. ಯಾವ ಮಾಂತೇಶ?"

ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. ಮೂವತ್ತರ ಆಸುಪಾಸಿನವಳು.

"ಕಲಘಟಗಿ ಬಸ್ ಸ್ಟ್ಯಾಂಡ್ ಬಾಜು ಫ್ಲೆಕ್ಸ್ ಅಂಗಡಿ ಐತಲ್ರಿ, ಅವರ ಹೆಂಡ್ತಿ ರೀ ನಾ."

ಇಲಿಯಾಸ್ ಪಟ್ಟಿ ಮಡಚಿ ನಾಗರತ್ನಾಳ ಕೈಗೆ ಕೊಟ್ಟರು. "ಈಕಿಗೆ ನಾ ಕಲಸಂಗಿಲ್ಲ."

"ಕಾಕಾರ, ಇದು ಎಲ್ಲಾರಿಗೂ ತೆರದದ್ದು," ಎಂದಳು ನಾಗರತ್ನಾ.

"ತೆರೀರಿ. ಆದ್ರ ನನ್ನ ಮಷಿನ್ ಹತ್ರ ಆಕಿ ಬರಬಾರ್ದು."

ಸೀಮಾ ಕದಲಲಿಲ್ಲ. "ನಾ ಫಾರ್ಮ್ ತುಂಬಿ ಬಂದೀನ್ರಿ. ವಾಪಸ್ ಹೋಗಾಕ ಬಂದಿಲ್ಲ."

ಅವಳನ್ನು ಕಳಿಸಿದ್ದು ಮಾಂತೇಶನೇ. ಹುಬ್ಬಳ್ಳಿಯ ಸ್ಥಿತಿವಂತರ ಮದುವೆಗಳಿಗೆ ಈಗ ಮತ್ತೆ ಮೊಳೆಯಲ್ಲಿ ಒತ್ತಿದ ಕಾರ್ಡು ಬೇಕಾಗಿದ್ದವು. ಅವನು ಹೋದರೆ ಇಲಿಯಾಸ್ ಬಾಗಿಲಲ್ಲೇ ತಡೆಯುತ್ತಿದ್ದರು. ಹೆಂಡತಿಯಾದರೆ ಕಲಿತು ಬಂದಾಳು ಎಂಬ ಲೆಕ್ಕ ಅವನದು. ಸೀಮಾ ಮಾತ್ರ ಬೇರೆ ಕಾರಣಕ್ಕೆ ಒಪ್ಪಿದ್ದಳು. ಮದುವೆಯಾಗಿ ಬಂದಾಗಿನಿಂದ ಪೇಟೆಯಲ್ಲಿ ಒಂದು ಮಾತು ಅವಳ ಕಿವಿಗೆ ಬೀಳುತ್ತಿತ್ತು. ಇಲಿಯಾಸರ ಪ್ರೆಸ್ ಹಾಳು ಮಾಡಿದವನು ಅವಳ ಗಂಡ ಎಂದು. ಆ ಮಾತು ಹಬ್ಬಿಸುವ ಮುದುಕ ಎಂಥವನೆಂದು ಅವಳಿಗೆ ನೋಡಬೇಕಿತ್ತು.

ನಾಗರತ್ನಾ ಪಟ್ಟಿಯಿಂದ ಹೆಸರು ತೆಗೆಯಲು ಒಪ್ಪದಾಗ ಇಲಿಯಾಸ್ ಅವಳ ಮುಂದೆ ಒಂದು ಗೋಣಿಚೀಲ ಸುರಿದರು. ಸಾವಿರಾರು ಸೀಸದ ಮೊಳೆಗಳು, ನಡುವೆ ಮಣ್ಣು, ಹರಳು.

"ಇವನ್ನ ತೊಳದು ಅಕ್ಷರ ಅಕ್ಷರ ಬ್ಯಾರೆ ಮಾಡು. ಅದು ಮುಗಿಯೂತನಕ ಮತ್ತೇನೂ ಕೇಳಬ್ಯಾಡ."

ಉಳಿದ ಏಳು ಜನ ಮೂರು ದಿನದಲ್ಲಿ ತಮ್ಮ ಹೆಸರು ಜೋಡಿಸಿ ಮುದ್ರಿಸಿದರು. ಸೀಮಾ ಮೂಲೆಯಲ್ಲಿ ಕೂತು ಮೊಳೆ ತಿಕ್ಕಿದಳು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಮೊದಲ ದಿನ ಅವಳಿಗೆ 'ಪ' ಯಾವುದು 'ವ' ಯಾವುದು ತಿಳಿಯಲಿಲ್ಲ. ಮೂರನೆಯ ದಿನ ಬೆರಳು ಸವರಿದರೆ ಸಾಕು, ಗೊತ್ತಾಗುತ್ತಿತ್ತು. ಬೆರಳ ತುದಿ ಒಡೆದು ಉರಿಯುತ್ತಿತ್ತು. ಇಲಿಯಾಸ್ ಬಂದು ಒಂದು ಖಾನೆಯಲ್ಲಿ ಕೈಯಾಡಿಸಿ, ತಪ್ಪಿ ಬಿದ್ದ ಒಂದು ಮೊಳೆ ತೆಗೆದು ಅವಳ ಮುಂದೆ ಇಟ್ಟು ಹೋಗುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಗೋಡೆಯ ಹಲಗೆಗೆ ಎರಡು ಕಾಗದ ಚುಚ್ಚಿದರು. ಒಂದು ತೆಳುವಾದ ಹಳದಿ ಹಾಳೆ, ಇನ್ನೊಂದು ಗುಲಾಬಿ ಬಣ್ಣದ ಮದುವೆ ಕಾರ್ಡು.

"ಇದು ಪ್ರೂಫ್. ಮುದ್ರಿಸೂ ಮೊದಲು ತಪ್ಪು ನೋಡಾಕ ತಗದದ್ದು. ಇದು ಮುದ್ರಿಸಿದ ಕಾರ್ಡು. ಎರಡರಾಗ ಏನ ಫರಕ್ ಐತಿ, ಹೇಳ್ರಿ."

ಗದಗಿನಿಂದ ಬಂದಿದ್ದ ಹುಡುಗಿ ಬಹಳ ಹೊತ್ತು ನೋಡಿ ಹೇಳಿದಳು. ಪ್ರೂಫಿನಲ್ಲಿ ವಧುವಿನ ಅಜ್ಜನ ಹೆಸರಿಗೆ ಮೊದಲು 'ದಿ.' ಇತ್ತು, ಅಂದರೆ ದಿವಂಗತ. ಕಾರ್ಡಿನಲ್ಲಿ ಅದು ವರನ ಕಡೆಯವರ ಹೆಸರಿದ್ದ ಎಡಗಡೆಗೆ ಬಂದು, ವರನ ಅಜ್ಜ ಅಮೋಘಸಿದ್ದಪ್ಪನವರ ಹೆಸರಿಗೆ ಮೊದಲು ಕೂತಿತ್ತು.

"ಅಮೋಘಸಿದ್ದಪ್ಪ ದೇವಿಕೊಪ್ಪದ ಹಿರೇ ಮನಶ್ಯಾ. ಬದುಕಿದ್ದ," ಎಂದರು ಇಲಿಯಾಸ್. "ಮಮ್ಮಗನ ಮದಿವಿ ಕಾರ್ಡು ತಾನ ಹಂಚತೀನಿ ಅಂತ ದುಮ್ಮವಾಡಕ್ಕ ಬೀಗರ ಮನಿಗೆ ಹೋಗಿದ್ದ. ಆ ಮನಿ ಸೊಸಿ ಅವನ ಮುಂದ ನಿಂತು ಓದಿದ್ಲು, ದಿವಂಗತ ಅಮೋಘಸಿದ್ದಪ್ಪ ಅಂತ. ಮುದುಕ ಮನಿಗೆ ಬಂದು ಮಲಗಿದಾವ ಮದಿವಿಗೂ ಏಳಲಿಲ್ಲ. ನಾಕು ತಿಂಗಳಿಗೆ ಹೋದ. ಅವರ ಮನಿಯವರು ಬಂದು ನನ್ನ ಮೊಳಿ ಎಲ್ಲಾ ರಸ್ತಾಕ್ಕ ಚೆಲ್ಲಿದ್ರು. ಆಮ್ಯಾಲ ನನಗ ಒಂದ ಮದಿವಿ ಕಾರ್ಡು ಬರಲಿಲ್ಲ."

ಅವರು ಪ್ರೂಫಿನ ಮೇಲೆ ಬೆರಳಿಟ್ಟರು.

"ಈ ಪ್ರೂಫಿಗೂ ಈ ಕಾರ್ಡಿಗೂ ನಡುವ ಒಬ್ಬನ ಇದ್ದ. ನನ್ನ ಕಡೆ ಎಂಟು ವರ್ಷ ಕೆಲಸಾ ಮಾಡಿದಾವ. ಕೇಳಿದ್ರ ನಾ ಮುಟ್ಟೇ ಇಲ್ಲ ಅಂದ. ಮರು ವರ್ಷ ಫ್ಲೆಕ್ಸ್ ಅಂಗಡಿ ಇಟ್ಟ. ಅವನ ಹೆಸರು ಹೇಳಂಗಿಲ್ಲ. ಅವನಿಗೆ ರೊಟ್ಟಿ ಬಡಿಯೂ ಕೈ ಇಲ್ಲೇ ಐತಿ."

ಎಲ್ಲರೂ ಮೂಲೆಯತ್ತ ತಿರುಗಿದರು. ಸೀಮಾ ಎದ್ದು ನಿಂತಳು.

"ಮುಖದ ಮುಂದ ಹೇಳ್ರಿ ಕಾಕಾ. ಗ್ವಾಡಿಗೆ ಕಾಗದ ಚುಚ್ಚಿ ಯಾಕ ಹೇಳ್ತೀರಿ?"

"ಹೇಳಿದ್ನಲ್ಲ."

"ನೀವು ನೋಡಿದ್ದೇನ್ರಿ ಅವರು ಮಾಡಿದ್ದು?"

"ನೋಡಿದ್ರ ಅವತ್ತ ಕೈ ಮುರೀತಿದ್ದೆ," ಎಂದು ಇಲಿಯಾಸ್ ಮಷಿನ್ನಿನ ಕಡೆ ಹೋದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಸೀಮಾ ಗಂಡನನ್ನು ಕೇಳಿದಳು. ರಾತ್ರಿಯಿಡೀ ಅವಳು ಆ ಎರಡು ಕಾಗದವನ್ನೇ ನೆನೆದಿದ್ದಳು. ಜೋಡಿಸಿದ ಮೊಳೆ ತಾನಾಗಿ ಜಾಗ ಬಿಟ್ಟು ಹೋಗುವುದಿಲ್ಲ ಎಂಬುದು ಮೂರು ದಿನದಲ್ಲಿ ಅವಳಿಗೂ ತಿಳಿದಿತ್ತು.

"ಆ ಮೊಳಿ ನಿಮ್ಮ ಕೈಯಾಗಿಂದ ಬಿದ್ದಿದ್ವೇನ್ರಿ?"

ಮಾಂತೇಶ ಅರ್ಧ ಎತ್ತಿದ್ದ ಶಟರನ್ನು ಹಾಗೇ ಹಿಡಿದು ನಿಂತ. "ಮಷಿನ್ ಕಲಿಯಾಕ ಕಳಿಸಿದ್ರ ಆ ಮುದುಕನ ಪುರಾಣಾ ಕಲತ ಬಂದ್ಯಾ?"

"ಬಿದ್ದಿದ್ವೋ ಇಲ್ಲೋ, ಅಷ್ಟ ಹೇಳ್ರಿ."

"ಬಿದ್ವು," ಎಂದ ಅವನು. "ಮೊಳಿ ಬಿಗಿದ ಚೌಕಟ್ಟು ಮಷಿನ್ನಿಗೆ ಏರಸೂವಾಗ ತುದಿ ತಾಗಿ ನಾಕೈದು ಮೊಳಿ ಉದುರಿದ್ವು. ಹೆಕ್ಕಿ ಇಟ್ಟೆ. ಎಡಕೋ ಬಲಕೋ, ಅವಸರದಾಗ ಗೊತ್ತಾಗಲಿಲ್ಲ."

"ಹೇಳಬೇಕಿತ್ತಲ್ಲ?"

ಅವನು ಎಡಗೈಯ ತೋರುಬೆರಳು ಅವಳ ಮುಖದ ಹತ್ತಿರ ಹಿಡಿದ. ಉಗುರು ಸೊಟ್ಟಗೆ ಬೆಳೆದಿತ್ತು. ಬಾಗಿಲಿಗೆ ಸಿಕ್ಕಿದ್ದು ಎಂದು ಅವಳು ಇಲ್ಲಿಯವರೆಗೆ ನಂಬಿದ್ದಳು.

"ಒಂದ ಒತ್ತಕ್ಷರ ತಪ್ಪಿದ್ರ ಕಬ್ಬಿಣದ ಪಟ್ಟೀಲೆ ಬೆರಳ ಮ್ಯಾಲ ಹೊಡೀತಿದ್ದ. ಇದು ಅವಂದ ಕೆಲಸ. ಹೇಳಿದ್ರ ಅವತ್ತು ಉಳದ ಬೆರಳೂ ಹೋಗ್ತಿದ್ವು. ಇಷ್ಟಕ್ಕೂ ಐದ ನೂರು ಕಾರ್ಡು ತುಳದಾವ ಅವನ. ಒಂದ ಕಾರ್ಡರ ಎತ್ತಿ ನೋಡಿದ್ನೇನು?"

ಸೀಮಾ ಎಂಟೂವರೆಯ ಬಸ್ಸು ಹಿಡಿದಳು.

ಸ್ಟುಡಿಯೋದಲ್ಲಿ ಎಲ್ಲರೂ ಕೆಲಸಕ್ಕೆ ಕೂತಿದ್ದರು. ಅವಳು ನೇರವಾಗಿ ಇಲಿಯಾಸರ ಮುಂದೆ ಹೋಗಿ ನಿಂತಳು.

"ಕಾಕಾ, ಮೊಳಿ ಬೀಳಿಸಿದ್ದು ನಮ್ಮ ಮನಿಯವರ. ಇವತ್ತ ಒಪ್ಪಿಕೊಂಡ್ರು."

ಇಲಿಯಾಸರ ಕೈಯಲ್ಲಿದ್ದ ಬಣ್ಣದ ರೋಲರು ನಿಂತಿತು.

"ಇನ್ನೂ ಮುಗಿದಿಲ್ರಿ," ಎಂದಳು ಸೀಮಾ. "ನಿಮ್ಮ ಹೊಡತಕ್ಕ ಹೆದರಿ ಅವರು ಮುಚ್ಚಿಟ್ರು. ಅವರ ಉಗುರು ನಾ ದಿನಾ ನೋಡ್ತೀನಿ. ಮತ್ತ ಐದ ನೂರು ಕಾರ್ಡು ಒತ್ತಿದವರು ನೀವು. ನಿಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲೇನ್ರಿ?"

"ನನಗೂ ನಮ್ಮ ಉಸ್ತಾದ ಹೊಡದಾ ಕಲಿಸ್ಯಾನ."

"ಅದಕ್ಕ ಹಿಂಗ ಕಲತೀರಿ."

ಗದಗಿನ ಹುಡುಗಿ ತಲೆ ತಗ್ಗಿಸಿದಳು. ಇಲಿಯಾಸ್ ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ರೋಲರು ಕೆಳಗಿಟ್ಟು, "ಅವ ದೇವಿಕೊಪ್ಪಕ್ಕ ಬಂದು ಆ ಮನಿಯವರ ಮುಂದ ಇಷ್ಟ ಹೇಳ್ಲಿ. ಮತ್ತೇನೂ ಬ್ಯಾಡ ನನಗ," ಎಂದರು.

ಸೀಮಾ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಮಾಂತೇಶನ ಮೋಟಾರ್ ಸೈಕಲ್ಲು ಗಿರಣಿಯ ಮುಂದೆ ನಿಂತಿತು. ಆ ಕಾರ್ಡಿನ ನಂತರದ ಹನ್ನೆರಡು ವರ್ಷದಲ್ಲಿ ಇಬ್ಬರೂ ಎದುರುಬದುರು ನಿಂತದ್ದು ಅದೇ ಮೊದಲು.

"ಮನಿ ಮಾತು ತಂದು ಇಲ್ಲಿ ಹರವಿದಿ," ಎಂದ ಅವನು ಹೆಂಡತಿಗೆ. ಆಮೇಲೆ ಇಲಿಯಾಸರ ಕಡೆ ತಿರುಗಿದ. "ಬಿತ್ತು, ಇಟ್ಟೆ. ಆತಲ್ಲ? ನೀವು ಆವತ್ತ ಏನ ಮಾಡ್ತಿದ್ರಿ ಹೇಳ್ರಿ, ನಾ ಹೇಳಿದ್ದಿದ್ರ?"

"ಕೆಲಸದಿಂದ ತಗೀತಿದ್ದೆ."

"ಮತ್ತ?"

"ಆದ್ರ ಆ ಮುದುಕ ಸಾಯ್ತಿರಲಿಲ್ಲ."

"ಎಂಬತ್ತೊಂದು ವರ್ಷದಾವ. ಅವನ ಸಾವು ನನ್ನ ತಲಿಗೆ ಕಟ್ಟಬ್ಯಾಡ್ರಿ. ದೇವಿಕೊಪ್ಪಕ್ಕ ನಾ ಬರಂಗಿಲ್ಲ. ನನ್ನ ಅಂಗಡಿ ಗಿರಾಕಿ ಅರ್ಧ ಆ ಕಡೇವರು. ಸೀಮಾ, ನಡಿ ಮನಿಗೆ."

"ಕ್ಲಾಸ್ ಐದಕ್ಕ ಮುಗೀತೈತ್ರಿ," ಎಂದಳು ಸೀಮಾ.

ಅವನು ಅವಳನ್ನೇ ನೋಡಿದ. ಅಷ್ಟು ಜನರ ಮುಂದೆ ಮತ್ತೆ ಕರೆಯಲು ಆಗದೆ ಗಾಡಿ ತಿರುಗಿಸಿದ.

ಮರುದಿನ ಮಧ್ಯಾಹ್ನ ಇಲಿಯಾಸ್ ದೇವಿಕೊಪ್ಪದ ಬಸ್ಸಿಗೆ ಹೊರಟರು. ಸೀಮಾ ಹಿಂದೆ ಬಂದಳು. ಅವರು ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಅವರು ಮುಂದೆ ಕೂತರು, ಅವಳು ಹಿಂದೆ.

ಅಮೋಘಸಿದ್ದಪ್ಪನ ಮೊಮ್ಮಗ ಬೀರೇಶ ಹಟ್ಟಿಯ ಮುಂದೆ ಕುರಿಮರಿಗಳಿಗೆ ಔಷಧಿ ಕುಡಿಸುತ್ತಿದ್ದ. ಆ ಕಾರ್ಡು ಅವನದೇ ಮದುವೆಯದು. ಇಲಿಯಾಸರನ್ನು ನೋಡಿ ಗುರುತು ಹಿಡಿದ, ಕೂಡ್ರಿ ಎನ್ನಲಿಲ್ಲ. ಇಲಿಯಾಸ್ ಕಿಸೆಯಿಂದ ಪ್ರೂಫ್ ತೆಗೆದು ತೋರಿಸಿ, ನಡೆದದ್ದನ್ನು ನಿಂತೇ ಹೇಳಿದರು.

"ಈಕಿ ಯಾರು?" ಎಂದ ಬೀರೇಶ.

"ಮಾಂತೇಶನ ಹೆಂಡ್ತಿ ರೀ," ಎಂದಳು ಸೀಮಾ. "ಇವರು ಹೇಳಿದ್ದು ಖರೇ ಐತಿ. ನಮ್ಮ ಮನಿಯವರ ನನ್ನ ಮುಂದ ಹೇಳ್ಯಾರ."

"ಅವ ಹೆಂಡ್ತೀನ ಕಳಿಸ್ಯಾನ."

"ಕಳಿಸಿಲ್ರಿ. ನಾನ ಬಂದೀನಿ."

ಬೀರೇಶ ಮರಿಯನ್ನು ಕೆಳಗೆ ಬಿಟ್ಟು ಕೈ ಒರೆಸಿಕೊಂಡ. "ನನ್ನ ಮದಿವಿ ಫೋಟೋದಾಗ ನಮ್ಮ ಅಜ್ಜ ಇಲ್ಲ. ನಾ ಹೋಗಿ ಕೈ ಹಿಡದು ಎಬ್ಬಿಸಿದ್ರ, ಸತ್ತಾವ ಹೆಂಗ ಬರ್ಲಿ ಅಂದ. ಆ ಕಾರ್ಡಿನ ತಳದಾಗ ಯಾರ ಹೆಸರಿತ್ತು? ಮಾಂತೇಶಂದೋ, ನಿಮ್ಮ ಪ್ರೆಸ್ಸಿಂದೋ?"

"ನನ್ನ ಪ್ರೆಸ್ಸಿಂದು."

"ಮತ್ತ್ಯಾಕ ಬಂದ್ರಿ? ನಿಮ್ಮ ಭಾರ ಇಳಸಾಕ? ಬ್ಯಾರೆ ಕಡೆ ಇಳಸ್ರಿ. ನಿಮ್ಮ ಮೊಳಿ ಚೆಲ್ಲಿದವರಾಗ ನಾನೂ ಇದ್ದೆ. ಅದಕ್ಕ ನಾ ತಪ್ಪಾತು ಅನ್ನಂಗಿಲ್ಲ." ಅವನು ಇನ್ನೊಂದು ಮರಿಯನ್ನು ಎಳೆದುಕೊಂಡ. "ಬಸ್ಸು ನಾಕಕ್ಕೈತಿ."

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಇಬ್ಬರೂ ನಿಲ್ದಾಣದ ಕಟ್ಟೆಯ ಎರಡು ತುದಿಗೆ ಕೂತರು. ಇಲಿಯಾಸ್, ಅವಳ ಕಡೆ ನೋಡದೆ, ಹೇಳಿದರು:

"ಮಷಿನ್ ಮ್ಯಾಲ ಬಂದ ಮೊದಲ್ನೇ ಕಾರ್ಡು ತಗದು ಓದಬೇಕು. ಅದು ರೂಢಿ. ಎಲ್ಲಾರಿಗೂ ಅದನ್ನ ಕಲಸ್ತೀನಿ. ಅವತ್ತ ನಾ ಓದಲಿಲ್ಲ."

ಹನ್ನೆರಡು ವರ್ಷದಲ್ಲಿ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ ಎಂಬುದು ಸೀಮಾಳಿಗೆ ತಿಳಿಯಿತು. ಸಮಾಧಾನದ ಮಾತು ಅವಳ ಬಾಯಿಗೆ ಬರಲಿಲ್ಲ. ಗಂಡನ ಉಗುರು ಕಣ್ಣ ಮುಂದಿತ್ತು. ಗಂಡನ ಮೇಲೂ ಅಷ್ಟೇ ಸಿಟ್ಟಿತ್ತು.

ಉಳಿದ ನಾಲ್ಕು ದಿನ ಇಲಿಯಾಸ್ ಅವಳಿಗೆ ಮಷಿನ್ನು ಕಲಿಸಿದರು. ಅವಳ ಮೊದಲ ಪುಟದಲ್ಲಿ ಏಳು ತಪ್ಪು ತೆಗೆದರು, ಎರಡನೆಯದರಲ್ಲಿ ಮೂರು. ಒಂದೊಂದಕ್ಕೂ ಪೂರ್ತಿ ಬಿಚ್ಚಿಸಿ ಮತ್ತೆ ಜೋಡಿಸಲು ಹಚ್ಚಿದರು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಮನೆಯಲ್ಲಿ ಮಾಂತೇಶನೂ ಹಾಗೇ ಇದ್ದ, ಊಟಕ್ಕೆ ಬಂದು ಉಂಡು ಅಂಗಡಿಗೆ ಹೋಗುತ್ತಿದ್ದ. ಮೊಳೆಯ ಮದುವೆ ಕಾರ್ಡಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಆಗುವುದಿಲ್ಲ ಎನ್ನಲು ಅವಳು ತಯಾರಾಗಿದ್ದಳು.

ಕಮ್ಮಟ ಮುಗಿದ ದಿನ ನಾಗರತ್ನಾ ಅವಳನ್ನು ಒಳಗೆ ಕರೆದಳು.

"ಮುಂದಿನ ತಿಂಗಳು ಹದಿನೈದು ಜನ ಬರ್ತಾರ. ಕಾಕಾ ಒಬ್ಬರ ಕಡೆ ಆಗೂದಿಲ್ಲ. ಜೋಡಿಗೆ ಯಾರು ಬೇಕು ಅಂತ ಕೇಳಿದೆ. ನಿನ್ನ ಹೆಸರು ಹೇಳಿದ್ರು."

"ಏನಂತ ಹೇಳಿದ್ರು?"

"ಆ ಬಾಯಿಬಡಕಿ, ಅಂದ್ರು."

ಸೀಮಾ ನಗಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದಳು. ಇಲಿಯಾಸ್ ಅಂಗಳದಲ್ಲಿ ಮಷಿನ್ನಿನ ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದರು.

"ಬರ್ತೀನ್ರಿ ಅಕ್ಕಾ," ಎಂದಳು. "ಆದ್ರ ನನ್ನ ಟೇಬಲ್ ಅವರ ಬಾಜು ಹಾಕಬ್ಯಾಡ್ರಿ. ಮತ್ತ ಹುಡುಗ್ರ ಮ್ಯಾಲ ಒಂದ ಸಲಾ ಅವರ ಕೈ ಎದ್ರ, ನಾ ಅವತ್ತ ಬಿಡ್ತೀನಿ. ಇದನ್ನ ನೀವ ಅವರಿಗೆ ಹೇಳ್ರಿ."

ನಾಗರತ್ನಾ ಅಂಗಳಕ್ಕೆ ಹೋಗಿ ಹೇಳಿದಳು. ಇಲಿಯಾಸ್ ತಲೆ ಎತ್ತದೆ ಕೇಳಿದರು, ಹೂಂ ಎಂದರು, ಮುಂದಿನ ರೋಲರು ಕೈಗೆತ್ತಿಕೊಂಡರು.