ತ್ರೀ ಫೇಸ್ ಕೋಚ್

ಹಾಲ್ಕುರಿಕೆಯ ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ರೇಣುಕಪ್ರಸಾದ್ ಬಿಟ್ಟಿ ಕೋಚ್. ಬಿಡಿಗಾಸು ಮುಟ್ಟದೆ ಕಲಿಸಿದವನು. ಅವನದೊಂದೇ ದೋಷ: ಹೊತ್ತುಗೊತ್ತಿಲ್ಲದೆ ಬಂದುಹೋಗುವ ತ್ರೀ ಫೇಸ್ ಕರೆಂಟ್ ಬಂತೆಂದರೆ ವಿಸಿಲ್ ಜೇಬಿಗಿಳಿಸಿ, ತೋಟದ ಮೋಟಾರ್ ಹಾಕಲು ಓಡುವುದು. ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಹಾಕುವ ಆಟೋ ಸ್ಟಾರ್ಟರ್ ಇತ್ತು ನಿಜ. ಅದರ ಮೇಲೆ ಅವನಿಗಿದ್ದ ನಂಬಿಕೆ ಅಳಿಯನ ಮೇಲಿದ್ದಷ್ಟೇ; ಆಫ್ ಮಾಡಿಯೇ ಇಟ್ಟಿದ್ದ.

ಅವನು ಒಂದು ಪಂದ್ಯದ ನಡುವೆಯೇ ಓಡಿಹೋದ ಮೇಲೆ ಕ್ಲಬ್ ಅಧ್ಯಕ್ಷ ಶಂಭುಲಿಂಗಯ್ಯ ತುಮಕೂರಿನಿಂದ ಸಂಬಳದ ಕೋಚ್ ದಯಾನಂದನನ್ನು ಕರೆಸಿದರು.

"ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಸಂಬಳ ಕೊಟ್ರೆ ನಿಲ್ಸಿ ಕೇಳ್ಬೋದು," ಎಂದರು.

"ಬುಡಿ ಅಣ್ಣ," ಎಂದ ರೇಣುಕಪ್ರಸಾದ್. ಮಾವ ಮಾವ ಎನ್ನುತ್ತಿದ್ದ ಮಕ್ಕಳು ತನ್ನನ್ನು ಮರೆತೇಬಿಟ್ಟರೆ? ಆ ಸಂಕಟದಲ್ಲಿ ತಟ್ಟೆಯ ರಾಗಿಮುದ್ದೆಯನ್ನು ಮುರಿಯದೆಯೇ ಎದ್ದ.

ಮಾಯಸಂದ್ರದ ಮೇಲೆ ಫೈನಲ್. ರೇಣುಕಪ್ರಸಾದ್ ಮೈದಾನದ ಹಗ್ಗದಾಚೆ ನಿಂತು ನೋಡುತ್ತಿದ್ದ. ನಮ್ಮೂರು ಒಂದು ಗೋಲ್ ಮುಂದಿತ್ತು. ಇನ್ನೇನು ಆಟ ಮುಗಿಯಬೇಕು, ಹಾಳು ಕರೆಂಟ್ ಬಂತು; ಸುತ್ತಲ ತೋಟಗಳಲ್ಲಿ ಮೋಟಾರ್ ಸದ್ದು ಎದ್ದಿತು. ನಮ್ಮ ಗೋಲ್‌ಕೀಪರ್ ಹುಡುಗಿ ಜೀವಿತಾ ತಮ್ಮ ತೋಟದ ಕಡೆ ತಿರುಗಿದಳು. ಅವರಪ್ಪ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದರು. ಮೋಟಾರ್ ಅವಳ ಜವಾಬ್ದಾರಿ. ಗ್ಲೌಸ್ ಬಿಚ್ಚತೊಡಗಿದಳು.

"ಅಲ್ಲಾಡಿದ್ರೆ ಟೀಮಿಂದ ಆಚೆ," ಎಂದ ದಯಾನಂದ್. ತೆಂಗಿನ ಸೀಮೆಯಲ್ಲಿ ಈ ಬೆದರಿಕೆಗೆ ಯಾರು ಸೊಪ್ಪು ಹಾಕುತ್ತಾರೆ?

"ನೀನು ನಿಂತ್ಕಳವ್ವ, ನಾನು ಹಾಕ್ತೀನಿ," ಎಂದು ರೇಣುಕಪ್ರಸಾದ್ ಫೈನಲ್ ಬಿಟ್ಟು ಓಡಿದ.

ಅವಳ ಮೋಟಾರ್ ಹಾಕಿ ನೀರು ತಿರುಗಿಸುತ್ತಿರುವಾಗ ಫೋನ್ ಬಂತು. ದಯಾನಂದ್.

"ಸಾರ್, ಅವರಿಗೆ ಪೆನಾಲ್ಟಿ ಸಿಕ್ಕಿದೆ. ಈ ಹುಡುಗಿ ಬಾಲ್ ನೋಡದೆ ತೋಟ ನೋಡ್ತಾ ಇದಾಳೆ. ಏನು ಹೇಳ್ಲಿ?"

"ನೀರು ತೆಂಗಿನ ಬುಡಕ್ಕೆ ಬಿತ್ತು, ಮಾವ ಅಲ್ಲೇ ಅವ್ನೆ ಅಂತ ಹೇಳಿ. ಅಷ್ಟು ಸಾಕು."

ದಯಾನಂದ್ ಅದನ್ನೇ ಕೂಗಿ ಹೇಳಿದ್ದು ಫೋನಿನಲ್ಲಿ ಕೇಳಿತು. ರೇಣುಕಪ್ರಸಾದ್ ಕೆಸರಿನಲ್ಲಿ ಫೋನನ್ನು ಕಿವಿಗೊತ್ತಿ ನಿಂತ. ಆಮೇಲೆ ಊರಿಗೆ ಊರೇ ಕೂಗಿತು.

"ಹಿಡಿದ್ಲು ಸಾರ್. ಗೆದ್ವಿ," ಎಂದ ದಯಾನಂದ್. "ನಾಳೆಯಿಂದ ನೀವೂ ಬರ್ಬೇಕು. ನನ್ನೊಬ್ಬನ ಕೈಲಿ ಆಗಲ್ಲ."

ರೇಣುಕಪ್ರಸಾದನ ಕಣ್ಣು ತುಂಬಿತು. ಅಷ್ಟರಲ್ಲಿ ಮೋಟಾರ್ ನಿಂತಿತು, ಕರೆಂಟ್ ಹೋಗಿತ್ತು. ತನ್ನ ಮೋಟಾರನ್ನು ಹಾಕಲೇ ಇಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

"ನಾಳೆ ಬತ್ತೀನಿ ಕಣ್ರೀ," ಎಂದ.