ಒಣಗಾಜಿನ ಲೆಕ್ಕ

ಮಗಳ ಕಾರು ಬೀದಿಯ ತುದಿ ದಾಟಿದ ಮೇಲೂ ಮೇಷ್ಟ್ರು ಗೇಟು ಹಿಡಿದುಕೊಂಡೇ ನಿಂತಿದ್ದರು. ಬೆಟ್ಟದಾಚೆಯ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಅದು ಕೆಲಸದ ಮೊದಲ ದಿನ. ಬಸ್ಸಿಗೆ ಹೋಗು ಎಂದರೆ ಕೇಳಿರಲಿಲ್ಲ.

"ಇಷ್ಟು ವರ್ಷ ಅದರ ಹೊಟ್ಟೆಯೊಳಗೇ ತಲೆ ಇಟ್ಕೊಂಡಿದ್ದೀರಲ್ಲಪ್ಪ, ಒಂದು ದಿನ ನಾನು ಓಡಿಸಿದ್ರೆ ಸವೆದು ಹೋಗುತ್ತಾ?" ಎಂದು ವಾರದ ಹಿಂದೆಯೇ ನಕ್ಕು ಬೀಗದ ಕೈ ಕಸಿದುಕೊಂಡಿದ್ದಳು.

ಇಬ್ಬರಷ್ಟೇ ಕೂರಬಹುದಾದ, ನೆಲಕ್ಕೆ ಮೂಗು ತಾಗಿಸಿದಂತಿದ್ದ ಆ ಸ್ಪೋರ್ಟ್ಸ್ ಕಾರು ಮಗಳಿಗಿಂತ ಹಿರಿಯದು. ಓಟದಲ್ಲಿ ಇವತ್ತಿಗೂ ಚುರುಕು. ಮಳೆಯಲ್ಲಿ ಮಾತ್ರ ಅರೆಗುರುಡು. ಅದರ ವೈಪರ್‌ಗಳು ನಿದ್ದೆಗಣ್ಣಿನಲ್ಲಿ ಕೈಯಾಡಿಸಿದಂತೆ ಗಾಜು ಒರೆಸುತ್ತಿದ್ದವು. ಮಗಳು ಓಡಿಸುತ್ತಾಳೆ ಎಂದಾದ ಮೇಲೆ ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಹೊಸ ಕಾಲದ ಕಾರೊಂದರ ಬಲವಾದ ವೈಪರ್ ಮೋಟಾರು ತಂದು ಕೂರಿಸಿದರು, ಸ್ವಲ್ಪ ಉದ್ದನೆಯ ಬ್ಲೇಡು ಹಾಕಿದರು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರ ಅಳತೆಯ ಕೂದಲೆಳೆ ತಪ್ಪನ್ನೂ ಬಿಡದೆ ಹಿಡಿಯುತ್ತಿದ್ದ ಮನುಷ್ಯ. ಬ್ಲೇಡು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆಂದು ಗಾಜಿನ ಮೇಲೆ ಟೇಪು ಅಂಟಿಸಿ ಗುರುತು ಮಾಡಿ, ಗಾಜಿನ ಪಕ್ಕದ ಲೋಹದ ಕಂಬಕ್ಕೂ ಬ್ಲೇಡಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ನಟ್ಟು ಬಿಗಿದಿದ್ದರು.

ಮೋಡ ಕವಿಯುತ್ತಿತ್ತು. ಮೇಷ್ಟ್ರು ಒಳಗೆ ಬಂದರು. ಹೆಂಡತಿ ಅಡುಗೆಮನೆಯ ನೆಲ ಒರೆಸುತ್ತಿದ್ದರು. ಕೋಲಿನ ತುದಿಯ ಬಟ್ಟೆ ಒಣನೆಲದ ಮೇಲೆ ಹಟ ಹಿಡಿದು ತಡೆತಡೆದು ಬರುತ್ತಿತ್ತು. ನೀರು ಚೆಲ್ಲಿದ ಕಡೆ ಬಂದದ್ದೇ ಸರ್ರನೆ ಜಾರಿ, ಕೋಲು ಗೋಡೆಗೆ ಟಕ್ಕೆಂದು ಬಡಿಯಿತು.

ಮೇಷ್ಟ್ರ ಕಣ್ಣು ಆ ಕೋಲಿನ ಮೇಲೇ ನೆಟ್ಟಿತು.

"ಏನ್ರೀ, ಯಾಕೆ ಹಾಗೆ ಬಿಳುಚಿಕೊಂಡ್ರಿ?"

"ನಾನು ಒಣಗಾಜಿನ ಮೇಲೆ ನೋಡಿದ್ದು ಕಣೇ."

"ಏನನ್ನ?"

"ವೈಪರನ್ನ! ಗಾಜಿನ ಸುತ್ತ ಹೊಸ ಅಂಟು ಹಾಕಿದ್ದೆ, ನೀರು ತಾಗಬಾರದು ಅಂತ ಒಣಗಾಜಿನ ಮೇಲೇ ಅಳತೆ ತಗೊಂಡೆ. ಗೀರು ಬೀಳುತ್ತೆ ಅಂತ ಜೋರಾಗಿ ಓಡಿಸಲೇ ಇಲ್ಲ. ನೆಂದ ಗಾಜಲ್ಲಿ ಜೋರಾಗಿ ಹಾಕಿದ್ರೆ ಅದು ಇನ್ನೂ ಆಚೆ ಹೋಗುತ್ತೆ. ಕಂಬ ದಾಟಿ ಸಿಕ್ಕಿಕೊಂಡ್ರೆ ಅವಳ ಕಣ್ಣ ಮುಂದೆ..."

"ಮೊದ್ಲು ಫೋನ್ ಮಾಡ್ರೀ!"

ಮಾಡಿದರು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಗಾಡಿ ಓಡಿಸುವಾಗ ಯಾರೇ ಕರೆದರೂ, ಅಪ್ಪನೇ ಕರೆದರೂ ಫೋನೆತ್ತಕೂಡದೆಂದು ಅವಳ ತಲೆ ತಿಂದಿದ್ದವರು ಇವರೇ. ಕಿಟಕಿಯಾಚೆ ದಪ್ಪ ಹನಿಗಳು ಬೀಳತೊಡಗಿದವು.

ಪಕ್ಕದ ಮನೆಯ ಬೇಕರಿಯವನು ವ್ಯಾನಿಗೆ ಬ್ರೆಡ್ಡಿನ ಟ್ರೇ ತುಂಬುತ್ತಿದ್ದ. ಮೇಷ್ಟ್ರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿಬಂದು, ವ್ಯಾನಿನ ಮುಂದಿನ ಸೀಟಿಗೆ ಹತ್ತಿ ಕೂತು, ವಿಷಯ ಹೇಳಿದರು.

ಬೆಟ್ಟದ ದಾರಿ ಹಿಡಿಯುವ ಹೊತ್ತಿಗೆ ಮಳೆ ಧೋ ಎನ್ನುತ್ತಿತ್ತು. ವ್ಯಾನಿನ ವೈಪರು ಹೋಗುತ್ತಾ ಕೀಂ, ಬರುತ್ತಾ ಕೀಂ ಎನ್ನುತ್ತಿತ್ತು.

"ನೋಡಿ ಮೇಷ್ಟ್ರೇ, ನಮ್ಮದು ಕೊಂಡ ದಿನದಿಂದ ಹೀಗೇ ಅಳ್ತಿದೆ. ಸಮಾಧಾನ ಮಾಡೋಕೆ ನಾನಂತೂ ಹೋಗಿಲ್ಲ."

"ಸ್ವಲ್ಪ ಬೇಗ ಹೋಗಪ್ಪ."

"ಬೇಗ ಹೋದ್ರೆ ಬ್ರೆಡ್ಡೆಲ್ಲ ಹಾಳೆ ಥರ ಆಗ್..." ಎಂದವನು ಅವರ ಮುಖ ನೋಡಿ ಬಾಯಿ ಮುಚ್ಚಿದ. ವ್ಯಾನು ಗುರುಗುಟ್ಟಿ ವೇಗ ಹೆಚ್ಚಿಸಿತು.

ಪ್ರತಿ ತಿರುವಿನಲ್ಲೂ ಮೇಷ್ಟ್ರು ಮೊದಲು ನೋಡುತ್ತಿದ್ದುದು ರಸ್ತೆಯಂಚಿನ ತಡೆಗೋಡೆ ಎಲ್ಲಾದರೂ ಒಡೆದಿದೆಯೇ ಎಂದು. ಇಡಿಯಾಗಿ ಕಂಡರೆ ಉಸಿರು ಬಿಡುವರು. ಮುಂದಿನ ತಿರುವು ಬಂದೊಡನೆ ಅದು ಮತ್ತೆ ಕಟ್ಟಿಕೊಳ್ಳುವುದು. ಹಳೆಯ ಮೋಟಾರಿಗೆ ಕಂಬ ದಾಟುವ ಕಸುವೇ ಇರಲಿಲ್ಲ. ಆ ಕಸುವನ್ನು ಹುಡುಕಿ ತಂದು ಕೂರಿಸಿದವರು ತಾವೇ.

ಬೆಟ್ಟದ ನೆತ್ತಿಯ ಹತ್ತಿರ ಒಂದು ಪೆಟ್ರೋಲ್ ಬಂಕು. ಅದರ ಚಾವಣಿಯಡಿ ಆ ಕುಳ್ಳ ಕಾರು. ಪಕ್ಕದಲ್ಲಿ ಕೈಕಟ್ಟಿಕೊಂಡು ಮಗಳು, ತಲೆಯಿಂದ ನೀರಿಳಿಯುತ್ತಿತ್ತು. ಡ್ರೈವರ್ ಕಡೆಯ ವೈಪರು ಕಂಬವನ್ನು ದಾಟಿ ಆಚೆಗೆ ಬಾಗಿತ್ತು.

"ಮೊದಲ್ನೇ ಸಲ ಟಕ್ ಅಂದಾಗ್ಲೇ ಇದು ಅಪ್ಪನ ಕೈಚಳಕ ಅಂತ ಗೊತ್ತಾಯ್ತು," ಎಂದಳು. "ಗಾಡಿ ನಿಧಾನ ಮಾಡ್ದೆ. ಆಮೇಲೆ ವೈಪರ್ ಹೋಗಿ ಕಂಬಾನ ತಬ್ಕೊಂಡೇಬಿಡ್ತು. ಏನೇನೂ ಕಾಣಿಸ್ಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕ್ಕೊಂಡು ಇಲ್ಲೀವರೆಗೂ ತಂದೆ."

"ಪೆಟ್ಟಾಗಿಲ್ಲ ತಾನೆ?"

"ಇಲ್ಲಪ್ಪ. ಮೊದಲ ದಿನಾನೇ ತಡ ಆಯ್ತು, ಅಷ್ಟೇ."

ಮಾತು ಸಲೀಸಾಗಿತ್ತು. ಕಣ್ಣು ಮಾತ್ರ ಆ ಬಾಗಿದ ವೈಪರಿನ ಕಡೆ ಹೊರಳಲಿಲ್ಲ. ಮೇಷ್ಟ್ರು ವ್ಯಾನಿನ ಸ್ಪ್ಯಾನರ್ ತಂದು, ನಟ್ಟು ಸಡಿಲಿಸಿ, ಬಾಗಿದ ತೋಳನ್ನು ನೆಟ್ಟಗೆ ಮಾಡಿ, ಅದು ಕಚ್ಚಿಕೂರುವ ಹಲ್ಲುಗಳ ಮೇಲೆ ಒಂದು ಹಲ್ಲು ಹಿಂದಕ್ಕೆ ಕೂರಿಸಿದರು. ಈ ಸಲ ಗಾಜಿನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದರು. ವೈಪರು ಜೋರಾಗಿ ಓಡಿತು, ಕಂಬದಿಂದ ದೂರದಲ್ಲೇ ತಿರುಗಿತು. ಮತ್ತೆ ನೀರು ಸುರಿದರು. ಮತ್ತೆ.

"ಸಾಕಪ್ಪ, ಮೀನು ಸಾಕ್ತೀರಾ ಅದರಲ್ಲಿ?"

"ನೀನು ವ್ಯಾನಲ್ಲಿ ಬಾ. ಕಾರು ನಾನು ತರ್ತೀನಿ."

ಅವಳು ಒಂದು ಗಳಿಗೆ ವ್ಯಾನಿನ ಕಡೆ ನೋಡಿದಳು. ಹೋಗಿಬಿಡುತ್ತಾಳೆ ಎಂದೇ ಅವರಿಗನ್ನಿಸಿತು. ಹೋದರೆ ಸಾಕೆಂದೂ ಅನ್ನಿಸಿತು.

"ಇವತ್ತು ಇದನ್ನ ಬಿಟ್ಟು ಹೋದ್ರೆ ನಾನು ಇನ್ನು ಹತ್ತೋದೇ ಇಲ್ಲಪ್ಪ," ಎಂದು ಅವಳು ಡ್ರೈವರ್ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿದಳು. "ಬರೋದಾದ್ರೆ ಬನ್ನಿ. ಬಂದ್ರೆ ತುಟಿ ಬಿಚ್ಚಬಾರದು."

ಮೇಷ್ಟ್ರು ಮೈ ಮಡಚಿ ಒಳಗೆ ಕೂತರು. ಕಾರು ಮತ್ತೆ ಮಳೆಗಿಳಿಯಿತು. ತುಟಿ ಬಿಚ್ಚಲಿಲ್ಲ. ಆದರೆ ಇಳಿಜಾರಿನ ಮೊದಲ ತಿರುವಿನಲ್ಲಿ, ಅವಳು ಬ್ರೇಕು ಒತ್ತುವುದಕ್ಕೆ ಮೊದಲೇ, ಅವರ ಕಾಲು ತಮ್ಮೆದುರಿನ ಬರಿಯ ನೆಲವನ್ನು ಬಲವಾಗಿ ಒತ್ತಿತ್ತು.